ಉರುಕುಂದಮ್ಮನ ಅಣಬೆ, ನನ್ನ ಕೊಲೆಸ್ಟ್ರಾಲು

ಉರುಕುಂದಮ್ಮನಿಗೆ ಓದು ಬರುತ್ತಿರಲಿಲ್ಲ. ಆದರೆ ರಕ್ತಪರೀಕ್ಷೆಯ ರಿಪೋರ್ಟನ್ನು ಅವಳಷ್ಟು ಬೇಗ ಓದುವವರು ತೆಲುಗು ರಾಜ್ಯದ ಗಡಿಯಲ್ಲಿರುವ ನಮ್ಮ ಇಡೀ ಆದೋನಿಯಲ್ಲಿ ಇರಲಿಲ್ಲ. ಹದ್ದುಮೀರಿದ ಅಂಕಿಯನ್ನು ಲ್ಯಾಬಿನವರು ದಪ್ಪಗೆ ಅಚ್ಚು ಹಾಕುತ್ತಾರೆ ಎಂಬ ಒಂದೇ ವಿದ್ಯೆ ಅವಳಿಗೆ ಗೊತ್ತಿತ್ತು, ಅಷ್ಟೇ ಸಾಕಾಗಿತ್ತು. ಅಣಬೆಯ ಬುಟ್ಟಿಯನ್ನು ನಮ್ಮ ಕಟ್ಟೆಯ ಮೇಲಿಟ್ಟು, ನನ್ನ ರಿಪೋರ್ಟಿನ ಮೇಲೆ ಬೆರಳಾಡಿಸಿ, ಮೊದಲ ದಿನವೇ ತೀರ್ಪು ಕೊಟ್ಟಳು.

“ಈ ಸಾಲು ದಪ್ಪ ಐತ್ರಿ ಸಾರು. ಇದ್ರ ಕೆಳಗಿಂದೂ ದಪ್ಪ ಐತಿ. ನೀವೂ ಏನ್ ಕಮ್ಮಿ ಇಲ್ಲ ಬಿಡ್ರಿ.”

ನಾನು ನಿವೃತ್ತ ಕನ್ನಡ ಮೇಷ್ಟ್ರು. ಮೂವತ್ತೈದು ವರ್ಷ ಬೇರೆಯವರ ತಪ್ಪಿಗೆ ಕೆಂಪು ಗೆರೆ ಎಳೆದವನಿಗೆ ಇದು ಹಿಡಿಸಲಿಲ್ಲ. ಆದರೆ ಕೊಲೆಸ್ಟ್ರಾಲ್ ಏರಿದ್ದು ನಿಜ, ದಿನಾ ಬೆಳಿಗ್ಗೆ ಮಂಡಕ್ಕಿ ಉಗ್ಗಾಣಿಯ ಜೊತೆ ನಾಲ್ಕು ಮಿರ್ಚಿ ಬಜ್ಜಿ ಇಳಿಸುತ್ತಿದ್ದದ್ದೂ ನಿಜ. ಡಾಕ್ಟರನ್ನು ಅಣಬೆಯ ಬಗ್ಗೆ ಕೇಳಿದೆ. “ನಾರು ಇದೆ, ಕೊಬ್ಬು ಬಹಳ ಕಡಿಮೆ. ತಿನ್ನಿ, ಸ್ವಲ್ಪ ನೆರವಾದೀತು. ಗುಳಿಗೆ ಮಾತ್ರ ಬಿಡಬೇಡಿ” ಎಂದರು. ಉರುಕುಂದಮ್ಮ ಈ ಮಾತಿನ ಮೊದಲರ್ಧವನ್ನಷ್ಟೇ ಇಟ್ಟುಕೊಂಡು ಓಣಿಯೆಲ್ಲ ಸಾರಿದಳು.

ಅವಳ ತಪ್ಪೂ ಅಲ್ಲ. ಮೊದಲು ಬುಟ್ಟಿ ಹೊತ್ತು “ಅಣಬೀ... ಪುಟ್ಟಗೊಡುಗೂ...” ಎಂದು ಕನ್ನಡ, ತೆಲುಗು ಎರಡು ಭಾಷೆಯಲ್ಲಿ ಕೂಗಿದಾಗ, ನಾಯಿಕೊಡೆ ಯಾರು ತಿಂತಾರೆ ಎಂದು ಜನ ಎರಡೂ ಭಾಷೆಯಲ್ಲಿ ಮೂಗು ಮುರಿದಿದ್ದರು. ಕೊಬ್ಬು ಇಳಿಸುತ್ತದೆ ಎಂದ ಮೇಲೆಯೇ ಬುಟ್ಟಿ ಖಾಲಿಯಾಗತೊಡಗಿದ್ದು. ಆ ಒಂದು ಮಾತಿನ ಮೇಲೆ ಅವಳ ಮನೆ ನಡೆಯುತ್ತಿತ್ತು.

ಜಿನ್ನಿಂಗ್ ಮಿಲ್ಲಿನವರು ಎಸೆಯುವ ಹತ್ತಿಯ ಕಸವನ್ನು ತಂದು, ನೆನೆಸಿ, ಬೇಯಿಸಿ, ಚೀಲಕ್ಕೆ ತುಂಬಿ, ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಅಣಬೆ ಬೆಳೆಯುತ್ತಿದ್ದಳು. ಒಳಗೆ ಹೋಗಬೇಕಾದರೆ ಚಪ್ಪಲಿ ಬಿಡಬೇಕು, ಕೈಕಾಲು ತೊಳೆಯಬೇಕು, ಕೆಮ್ಮಬಾರದು. ನಾನೊಮ್ಮೆ ಜೋರಾಗಿ ಮಾತನಾಡಿದ್ದಕ್ಕೆ, “ಮೆಲ್ಲಕ ಸಾರು, ಬಾಣಂತಿ ಕೋಣಿ ಇದು” ಎಂದು ಗದರಿದಳು.

ಮೂರು ತಿಂಗಳು ಅಣಬೆ ತಿಂದು ಮತ್ತೆ ಪರೀಕ್ಷೆ ಮಾಡಿಸಿದೆ. ಅಂಕಿ ಇನ್ನೂ ಮೇಲೇರಿತ್ತು. ಉರುಕುಂದಮ್ಮ ರಿಪೋರ್ಟು ನೋಡಿ ಕಟ್ಟೆಯ ಮೇಲೆ ಕುಸಿದು ಕೂತಳು.

“ಇದನ್ನ ಯಾರಿಗೂ ತೋರಿಸ್ಬ್ಯಾಡ್ರಿ” ಎಂದು ಪಿಸುಗುಟ್ಟಿ, ನನ್ನ ಹೆಂಡತಿಯನ್ನು ಕರೆದಳು. “ಅಕ್ಕಾ, ಅಣಬಿ ಹ್ಯಾಂಗ ಮಾಡ್ತೀರಿ?”

“ಕಡ್ಲಿಹಿಟ್ಟಿನ್ಯಾಗ ಅದ್ದಿ ಎಣ್ಣ್ಯಾಗ ಬಿಡ್ತೀನಿ. ಇವ್ರಿಗೆ ಬಜ್ಜಿ ಅಂದ್ರ ಜೀವ.”

ಉರುಕುಂದಮ್ಮ ನನ್ನ ಕಡೆ ತಿರುಗಿದಳು. “ಬೇಷ್ ಆತು ಸಾರು. ನಾಳಿಂದ ಗುಳಿಗೀನೂ ಕರದು ತಿನ್ನಿರಿ.”

ಅಂದಿನಿಂದ ಒಂದು ಚಮಚ ಎಣ್ಣೆ, ಮೆಣಸು, ಜೋಳದ ರೊಟ್ಟಿ, ಅಣಬೆ ಪಲ್ಯ. ಬಜ್ಜಿ ಬಂದ್. ಗುಳಿಗೆಯಂತೂ ಇದ್ದೇ ಇತ್ತು. ಮುಂದಿನ ರಿಪೋರ್ಟಿನಲ್ಲಿ ಒಂದೂ ದಪ್ಪ ಸಾಲಿರಲಿಲ್ಲ. ಅದನ್ನು ಕಸಿದುಕೊಂಡು ಬುಟ್ಟಿಯಲ್ಲಿಟ್ಟು ಮನೆಮನೆಗೆ ತೋರಿಸಿ ಬಂದಳು. ನನ್ನ ಹೆಸರು ಗೊತ್ತಿಲ್ಲದವರೂ ನನ್ನ ಟ್ರೈಗ್ಲಿಸರೈಡ್ ಎಷ್ಟೆಂದು ಹೇಳಬಲ್ಲವರಾದರು.

ಒಂದು ದಿನ ಬುಟ್ಟಿ ಬರಲಿಲ್ಲ. ಎದೆ ಹಿಡಿದುಕೊಂಡಿದೆ, ಕರ್ನೂಲಿಗೆ ಒಯ್ದಿದ್ದೇವೆ ಎಂದು ಅವಳ ಸೊಸೆ ಫೋನು ಮಾಡಿದಳು. ಆಸ್ಪತ್ರೆಗೆ ಹೋದರೆ ಮಂಚದ ಮೇಲಿನಿಂದಲೇ ನನ್ನ ಹಿಂದೆ ಯಾರಿದ್ದಾರೆಂದು ಇಣುಕಿ ನೋಡಿದಳು.

“ಬಾಗ್ಲ ಹಾಕ್ರಿ ಸಾರು. ಎದಿ ಅಂತ ಯಾರ ಮುಂದೂ ಅನಬ್ಯಾಡ್ರಿ. ಅಣಬಿ ಮಾರಾಕಿಗೇ ಎದಿ ರೋಗ ಅಂದ್ರ ನನ್ ಬುಟ್ಟಿ ಯಾರ್ ಮುಟ್ತಾರ?”

“ನೀನು ತಿಂತಿದ್ದಿಲ್ಲೇನು?”

“ನಮ್ಮಪ್ಪ ಎಮ್ಮಿಗನೂರಾಗ ಸಾಯೋತನಕ ಸೀರಿ ನೇದ. ನಮ್ಮವ್ವ ಒಂದರ ಉಟ್ಟಳೇನ್ರಿ? ಮಾಲು ಉಳದ್ರಲ್ಲ ತಿನ್ನಾದು.”

ವರ್ಷಗಟ್ಟಲೆ ಅವಳ ಕೈಯಿಂದ ತಿಂದಿದ್ದೆ, ಒಮ್ಮೆಯೂ ಕೇಳಿರಲಿಲ್ಲ.

ಜಾರಿ ಬಿದ್ದು ಕಾಲು ಉಳುಕಿದೆ ಎಂದು ಓಣಿಗೆ ಹೇಳುವುದೆಂದು ತೀರ್ಮಾನವಾಯಿತು. ವಾಪಸು ಬಂದ ಉರುಕುಂದಮ್ಮ ಒಂದು ತಿಂಗಳು ಕುಂಟುತ್ತಲೇ ಅಣಬೆ ಮಾರಿದಳು. ಒಂದು ದಿನ ಎಡಗಾಲು, ಒಂದು ದಿನ ಬಲಗಾಲು. ಯಾವ ಕಾಲು ಎಂದು ನಾನು ಕಣ್ಸನ್ನೆ ಮಾಡಿದರೆ ಅಲ್ಲಿಯೇ ನಿಂತು ಬದಲಾಯಿಸಿಕೊಳ್ಳುತ್ತಿದ್ದಳು. ಎದೆಯ ಗುಳಿಗೆ ನುಂಗುವುದನ್ನು ಯಾರಾದರೂ ಕಂಡಾರೆಂದು ಅವನ್ನು ನಮ್ಮ ಅಡುಗೆಮನೆಯಲ್ಲೇ ಇಟ್ಟಿದ್ದಳು. ನನ್ನ ಹೆಂಡತಿ ಒಂದು ಷರತ್ತು ಹಾಕಿದಳು: ಒಂದು ಬಟ್ಟಲು ಅಣಬೆ ಪಲ್ಯ ತಿಂದರೇ ಗುಳಿಗೆ.

ಮೊದಲ ತುತ್ತು ಬಾಯಿಗಿಟ್ಟು ಉರುಕುಂದಮ್ಮ ಅಗಿಯುವುದನ್ನೇ ನಿಲ್ಲಿಸಿದಳು. “ಇಷ್ಟು ರುಚಿ ಐತಂತ ಯಾರೂ ಹೇಳ್ಲಿಲ್ಲಲ್ಲಕ್ಕಾ. ನಾ ಬರೇ ಔಷಧಿ ಅಂತ ಮಾರಿದೆ.”

ಎರಡು ವರ್ಷ ಹಾಗೆ ನಡೆಯಿತು. ಹೋದ ಬೇಸಿಗೆಯಲ್ಲಿ ಅವಳು ಹೋಗಿಬಿಟ್ಟಳು. ಎದೆಯೇ.

“ಏನಾಗಿತ್ತು ಸಾರು?” ಎಂದು ಓಣಿಯವರು ಕೇಳಿದರು.

“ಹಳೇ ಕಾಲುನೋವು” ಎಂದೆ.

“ಕಾಲುನೋವಿಗೆ ಸಾಯ್ತಾರೇನ್ರಿ?”

“ಒಮ್ಮೊಮ್ಮೆ” ಎಂದೆ. ಮೇಷ್ಟ್ರು ಹೇಳಿದ್ದೆಂದು ನಂಬಿದರೇನೋ. ಈಗ ಸೊಸೆ ಬುಟ್ಟಿ ಹೊರುತ್ತಾಳೆ. ವ್ಯಾಪಾರ ಚೆನ್ನಾಗಿದೆ.

ಹಾಗಿದ್ದರೆ ಇದನ್ನೆಲ್ಲ ಇಲ್ಲಿ ಏಕೆ ಬರೆದಿರಿ ಎಂದು ನೀವು ಕೇಳಬಹುದು. ಹೆದರಿಕೆಯಿಲ್ಲ. ನಮ್ಮ ಓಣಿಯಲ್ಲಿ ಕನ್ನಡ ಮಾತನಾಡುವವರು ಎಲ್ಲರೂ; ಶಾಲೆ ಕಲಿತದ್ದು ತೆಲುಗಿನಲ್ಲಿ. ಕನ್ನಡ ಓದುವವನು ನಾನೊಬ್ಬನೇ. ಮೇಷ್ಟ್ರಾಗಿ ಆ ಸಂಕಟವನ್ನು ಜೀವಮಾನವೆಲ್ಲ ಉಂಡಿದ್ದೇನೆ. ಅವಳ ಗುಟ್ಟು ಕಾಯಲಿಕ್ಕಾದರೂ ಅದು ಉಪಯೋಗಕ್ಕೆ ಬಂತು. ನೀವು ಯಾವಾಗಲಾದರೂ ಆದೋನಿ ಕಡೆ ಬಂದರೆ, ಯಾರಾದರೂ ಕೇಳಿದರೆ, ಕಾಲುನೋವು ಎನ್ನಿ.