ಬರ್ನಿಸ್‌ಳ ಪ್ಲಿಮತ್ತಿಗೆ ಹೊಸ ಸೈಲೆನ್ಸರ್

ಆ ವರ್ಷ ಹಿಮ ಕರಗಿ, ಬರ್ನಿಸ್ ವೊಯ್ತಾಸ್ ಗ್ಯಾರೇಜಿನ ಬಾಗಿಲೆತ್ತಿ ನೋಡಿದಾಗ ಅವಳ ಪ್ಲಿಮತ್ ಕಾರಿನ ಎರಡೂ ಸೈಲೆನ್ಸರುಗಳು ತುಕ್ಕು ಹಿಡಿದು ಹಪ್ಪಳವಾಗಿದ್ದವು. ಹೆಬ್ಬೆರಳಿನಿಂದ ಒತ್ತಿದರೆ ಸಾಕು, ತಗಡು ಪುಡಿಯಾಗಿ ಉದುರುತ್ತಿತ್ತು. ಅವಳಿಗೆ ಬೇಸರವಾಗಲಿಲ್ಲ. ಹಳೆಯ ಗಾಡಿಯ ಸೈಲೆನ್ಸರ್ ಹೋದರೆ ಡೆಟ್ರಾಯ್ಟ್ ನದಿಯ ಈ ಕೆಳದಂಡೆಯ ಊರುಗಳಲ್ಲಿ ಯಾರೂ ಅದನ್ನು ರಿಪೇರಿಯ ಮಾತಾಗಿ ಎಣಿಸುವುದಿಲ್ಲ. ಗಾಡಿಗೆ ಹೊಸ ದನಿಯನ್ನು ಆರಿಸುವ ಅವಕಾಶ ಅದು. ಒಂದು ಆಯುಷ್ಯದಲ್ಲಿ ಎರಡೋ ಮೂರೋ ಸಲ ಒದಗುವಂಥದ್ದು.

ಕಾರು ಎಪ್ಪತ್ತನೆಯ ಇಸವಿಯದು, ನೇರಳೆ ಹಣ್ಣಿನ ಬಣ್ಣದ್ದು, ಎಂಟು ಸಿಲಿಂಡರಿನದು. ಕಾರಿನ ಬಾಗಿಲು, ಬಾನೆಟ್ಟುಗಳನ್ನು ಅಚ್ಚೊತ್ತುವ ಕಾರ್ಖಾನೆಯಲ್ಲಿ ಪ್ರೆಸ್ಸಿನ ಮುಂದೆ ನಿಂತು ಗಳಿಸಿದ ಸಂಬಳದಲ್ಲಿ ಅವಳು ಅದನ್ನು ಕೊಂಡಾಗ ಅವಳಪ್ಪ ಒಂದು ವಾರ ಮಾತು ಬಿಟ್ಟಿದ್ದ. ಮದುವೆಯಾಯಿತು, ಮಕ್ಕಳಾದರು, ಮೊಮ್ಮಕ್ಕಳಾದರು. ಕಾರಿನ ಚುಕ್ಕಾಣಿಯನ್ನು ಮಾತ್ರ ಅವಳು ಯಾರ ಕೈಗೂ ಕೊಡಲಿಲ್ಲ. ಗಂಡ ಕ್ಯಾಸ್ ಕೂಡ ಪಕ್ಕದ ಸೀಟಿನವನೇ.

ಆದರೆ ಈ ಸಲದ ಆಯ್ಕೆಗೆ ಅವಳು ಯಾರಿಗೂ ಹೇಳದ ಒಂದು ಅವಸರವಿತ್ತು. ಚಳಿಗಾಲದಲ್ಲಿ ಅವಳ ಕಿವಿ ಪರೀಕ್ಷಿಸಿದ ಹುಡುಗಿ, ಪ್ರೆಸ್ಸುಗಳ ಸದ್ದು ತಿಂದದ್ದು ಮರಳಿ ಬರುವುದಿಲ್ಲ ಎಂದು ನಿಧಾನವಾಗಿ ಬಿಡಿಸಿ ಹೇಳಿದ್ದಳು. ಹಕ್ಕಿಯ ದನಿ, ಫೋನಿನ ಗಂಟೆ, ಮಕ್ಕಳ ಕೀಚಲು ಆಗಲೇ ಹೋಗಿದ್ದವು. ಉಳಿದಿದ್ದದ್ದು ತಗ್ಗಿನ ದನಿಗಳು. ಅವೂ ಒಂದೊಂದಾಗಿ ಹೊರಡುವವು. ಕಿವಿಗೆ ಹಾಕಿಕೊಳ್ಳುವ ಯಂತ್ರ ಅಡುಗೆಮನೆಯ ಡ್ರಾಯರಿನಲ್ಲಿತ್ತು. ಅದರಲ್ಲಿ ಎಲ್ಲವೂ ಡಬ್ಬಿಯೊಳಗೆ ಅಲ್ಲಾಡಿಸಿದ ಮೊಳೆಯಂತೆ ಕೇಳುತ್ತಿತ್ತು. ಹಾಗಾಗಿ ಈಗ ಆರಿಸುವ ದನಿಯೇ ತಾನು ಕೇಳಬಲ್ಲ ಕೊನೆಯದು ಎಂದು ಬರ್ನಿಸ್‌ಗೆ ಗೊತ್ತಿತ್ತು.

ಶನಿವಾರ ಬೆಳಿಗ್ಗೆ ಹಳೆಯ ಗಾಡಿಗಳವರು ಸೇರುವುದು ಮುಚ್ಚಿಹೋದ ದೊಡ್ಡ ಅಂಗಡಿಯೊಂದರ ಮುಂದಿನ ಬಯಲಿನಲ್ಲಿ. ಅಲ್ಲಿ ಸೈಲೆನ್ಸರ್ ಆರಿಸುವುದಕ್ಕೊಂದು ಪದ್ಧತಿಯಿದೆ: ಬೇಕಾದ ಗಾಡಿಯ ಹಿಂದೆ ಹೋಗಿ, ಹೊಗೆಕೊಳವೆಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ಕಣ್ಣು ಮುಚ್ಚಬೇಕು, ಗಾಡಿಯವನು ಒಳಗೆ ಕೂತು ಎಕ್ಸಲರೇಟರನ್ನು ಮೆಲ್ಲಗೆ ಒತ್ತಬೇಕು. ಜಪಕ್ಕೆ ಕೂತವರಂತೆ ಕಾಣುವ ಅವರನ್ನು ಯಾರೂ ಮಾತಾಡಿಸುವುದಿಲ್ಲ. ಎಲ್ಮರ್ ಟ್ಯಾಕೆಟ್‌ನನ್ನು ಬಿಟ್ಟರೆ.

"ಏನ್ ಬರ್ನಿ, ಈ ಸಲಾನೂ ಚರ್ಚಿಗೆ ಹೋಗೋ ಅಜ್ಜೀರ ಸೈಲೆನ್ಸರೇನಾ?" ಎಂದ, ತನ್ನ ಕೆಂಪು ಷೆವೆಲ್ ಕಾರಿನ ಕಿಟಕಿಯಿಂದ ತಲೆ ಹೊರಹಾಕಿ.

ಬರ್ನಿಸ್ ಅವನ ಬಾಯಿ ನೋಡಿಯೇ ಉತ್ತರ ಕೊಟ್ಟಳು. "ನಿನ್ ಗಾಡಿ ಹಿಂದೆ ಕೂತ್ರೆ ನಮ್ಮತ್ತೆ ಗೊರಕೆ ನೆನಪಾಗ್ತದೆ ಕಣೋ. ಒತ್ತು, ಇನ್ನೂ ಒತ್ತು!"

"ಇನ್ನೂನಾ? ಪೊಲೀಸ್ ಬರ್ತಾನೆ ಮಾರಾಯ್ತಿ!"

ಅವನ ಗಾಡಿ ಅವಳಿಗೆ ಒದ್ದೆ ಕಂಬಳಿಯಾಚೆ ಯಾರೋ ಗೊಣಗಿದಂತೆ ಕೇಳಿತು. ಅದರ ಪಕ್ಕದ್ದೂ ಹಾಗೆಯೇ. ಕೊನೆಗೆ, ಒಳಗೆ ತಡೆಗೋಡೆಗಳೇ ಇಲ್ಲದ, ಹೊಗೆ ನೇರ ನುಗ್ಗಿಹೋಗುವ ಸೈಲೆನ್ಸರಿನ ಒಂದು ಗಾಡಿಯ ಹಿಂದೆ ಕೂತಾಗ ಸದ್ದು ನೆಲದಿಂದೆದ್ದು ಮೊಣಕಾಲೇರಿ ಎದೆಗೂಡಿಗೆ ಬಂದು ನಿಂತಿತು. ಸುತ್ತ ನಿಂತವರು ಕಿವಿ ಮುಚ್ಚಿಕೊಂಡಿದ್ದರು. ಅವಳಿಗೆ ಮಾತ್ರ ಅದು ಹಿತವಾಗಿತ್ತು; ಇಪ್ಪತ್ತೊಂದರ ವಯಸ್ಸಿನಲ್ಲಿ ಗಾಡಿಗಳೆಲ್ಲ ಹೀಗೆಯೇ ಕೇಳುತ್ತಿದ್ದವು.

"ಇದೇ," ಎಂದಳು.

ಸೈಲೆನ್ಸರ್ ಕೂರಿಸುವವನು ಡ್ವೇನ್ ಸ್ಟ್ಯಾಂಪರ್. ಕೆಂಟಕಿಯ ಬೆಟ್ಟಗಳಿಂದ ಅವನ ಅಪ್ಪ ಕೆಲಸ ಹುಡುಕಿ ಬಂದು ನೆಲೆಸಿದ್ದ. ಮದುವೆಯಾದ ಹೆಂಗಸರನ್ನೂ ಮಿಸ್ ಎಂದೇ ಕರೆಯುವ ಅಲ್ಲಿಯ ಮರ್ಯಾದೆಯ ಮಾತು ಮಗನಲ್ಲಿ ಇನ್ನೂ ಉಳಿದಿತ್ತು. ಅವನು ಹೊಸ ಸೈಲೆನ್ಸರನ್ನು ಒಂದೇ ಸಲಕ್ಕೆ ಬೆಸೆಯುವವನಲ್ಲ. ಮೊದಲು ಕಬ್ಬಿಣದ ಪಟ್ಟಿಯಿಂದ ಬಿಗಿದು ವಾರ ಕಾಲ ಓಡಿಸಲು ಕೊಡುತ್ತಾನೆ; ಒಪ್ಪಿಗೆಯಾದರೆ ಮುಂದಿನ ಶನಿವಾರ ಬೆಸುಗೆ.

"ಎಲ್ರೂ ಹಿಂದೆ ಕೂತು ಆರಿಸ್ತೀರ, ಮಿಸ್ ಬರ್ನಿ," ಎಂದ ಪಟ್ಟಿ ತಿರುಗಿಸುತ್ತ, "ಆಮೇಲೆ ಮುಂದೆ ಕೂತು ಅನುಭವಿಸ್ತೀರ. ಹಿಂದುಗಡೆ ಯಾರಾದ್ರೂ ಸಂಸಾರ ಮಾಡ್ತಾರಾ? ಬೆಸುಗೆ ಹಾಕಿದ್ಮೇಲೆ ನನ್ ಹತ್ರ ಬಂದು ಅಳಬೇಡಿ."

"ಅಳೋದಾದ್ರೆ ಎಲ್ಮರ್ ಅಳಲಿ."

ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಅವಳು ಕ್ಯಾಸ್‌ನನ್ನು ಕೂರಿಸಿಕೊಂಡು ನದಿಯ ದಾರಿ ಹಿಡಿದಳು. ಕ್ಯಾಸ್ ನಿವೃತ್ತ ಅಂಚೆಯವನು. ಮನೆಯಲ್ಲಿ ಉಪ್ಪು ಕೇಳಲೂ ಬಾಯಿ ತೆರೆಯದ ಈ ಮನುಷ್ಯನಿಗೆ ಕಾರು ಹತ್ತಿದೊಡನೆ ಮಾತು ಬರುತ್ತಿತ್ತು. ತಾನು ಕಾಗದ ಹಂಚಿದ ಬೀದಿಗಳು ಕಿಟಕಿಯಲ್ಲಿ ಸರಿಯುವಾಗ ಒಂದೊಂದು ಬಾಗಿಲಿನ ಸಂಗತಿಯೂ ಅವನ ನಾಲಿಗೆಗೆ ಬರುವುದು: ಈ ಮನೆಯ ನಾಯಿ ಕಚ್ಚಿದ್ದು, ಆ ಮನೆಯ ವಿಧವೆ ತನಗೆ ತಾನೇ ಹುಟ್ಟುಹಬ್ಬದ ಕಾರ್ಡು ಹಾಕಿಕೊಳ್ಳುತ್ತಿದ್ದದ್ದು. ಅವರ ದಾಂಪತ್ಯದ ಮಾತುಕತೆಯೆಂದರೆ ಬಹುಪಾಲು ಇದೇ. ಅವನ ದನಿ ತಗ್ಗಿನದು, ಬಾವಿಯಿಂದ ಬಂದಂತೆ. ಹಾಗೆಂದೇ ಅದು ಇಂದಿಗೂ ಅವಳ ಕಿವಿಗೆ ದಕ್ಕುತ್ತಿತ್ತು.

ಅಂದು ಸೇತುವೆ ದಾಟಿ ಗೇರು ಬದಲಿಸಿದಾಗ ಪ್ಲಿಮತ್ ಗುಡುಗಿತು. ಬರ್ನಿಸ್‌ಳ ಬೆನ್ನಹುರಿ ತಂತಿಯಂತೆ ಮಿಡಿಯಿತು. ಪಕ್ಕದಲ್ಲಿ ಕ್ಯಾಸ್ ಒಂದು ಹಳದಿ ಮನೆಯತ್ತ ಕೈ ತೋರಿಸಿದ್ದು ಕಣ್ಣಂಚಿಗೆ ಕಂಡಿತು. ಏನೋ ಹೇಳುತ್ತಿದ್ದ. ಅವನ ದನಿಯಿರಬೇಕಾದ ಜಾಗದಲ್ಲೆಲ್ಲ ಎಂಜಿನ್ನು ತುಂಬಿಕೊಂಡಿತ್ತು. ಅವಳು ತಲೆದೂಗಿ, ಎಂದಿನಂತೆ ಗಟ್ಟಿಯಾಗಿ ನಕ್ಕಳು.

ಕ್ಯಾಸ್ ಕೈ ಇಳಿಸಿದ. ಮನೆ ಮುಟ್ಟುವವರೆಗೆ ಮತ್ತೆ ಎತ್ತಲಿಲ್ಲ.

ಅಡುಗೆಮನೆಯಲ್ಲಿ ಅವಳು ಆಲೂಗಡ್ಡೆಯ ಹೂರಣದ ಪಿಯೆರೋಗಿ ಕಡುಬುಗಳನ್ನು ಬಾಣಲೆಗೆ ಹಾಕುತ್ತಿದ್ದಾಗ ಅವನು ಎದುರು ಬಂದು ನಿಂತ.

"ಆ ಹಳದಿ ಮನೆ ಮಿಸೆಸ್ ಗ್ರಾಬೆಕ್ ತೀರಿಕೊಂಡ್ಲು ಅಂದೆ," ಎಂದ. "ನೀನು ನಕ್ಕೆ."

ಎದುರು ನಿಂತಿದ್ದರಿಂದ ಈ ಮಾತು ಪೂರ್ತಿ ತಿಳಿಯಿತು. ಪ್ರೆಸ್ಸುಗಳ ಸದ್ದಿನಲ್ಲಿ ಕೂಗಿ ಪ್ರಯೋಜನವಿಲ್ಲದ್ದರಿಂದ ಕಾರ್ಖಾನೆಯ ಆ ಸಾಲಿನ ಹೆಂಗಸರೆಲ್ಲ ತುಟಿ ನೋಡಿ ಮಾತಾಡಲು ಕಲಿತಿದ್ದರು. ಬರ್ನಿಸ್ ಅವರಲ್ಲಿ ಎತ್ತಿದ ಕೈ. ಅವಳ ಕಿವಿ ಎಷ್ಟು ಹೋಗಿದೆಯೆಂದು ಮನೆಯವರಿಗೆ ಹೊಳೆಯದಿದ್ದದ್ದೂ ಅದರಿಂದಲೇ. ಕಾರಿನಲ್ಲಿ ಮಾತ್ರ ಕಣ್ಣು ರಸ್ತೆಯ ಮೇಲಿರಬೇಕು. ಅಲ್ಲಿ ಮಾತ್ರ ಅವಳಿಗೆ ಕಿವಿಯೇ ಗತಿ.

ಬಾಣಲೆಯ ಉರಿ ತಗ್ಗಿಸಿ ಅವಳು ಎಲ್ಲವನ್ನೂ ಹೇಳಿದಳು, ಆ ಹುಡುಗಿ ಹೇಳಿದ್ದಷ್ಟನ್ನೂ.

ಕ್ಯಾಸ್ ಕುರ್ಚಿ ಎಳೆದು ಅವಳೆದುರು ಕೂತ. "ಅದಕ್ಕೇನೀಗ. ಮೆತ್ತಗಿರೋ ಸೈಲೆನ್ಸರ್ ಹಾಕ್ಸು."

"ಮೆತ್ತಗಿಂದು ಹಾಕಿದ್ರೆ ಗಾಡಿ ಕೇಳ್ಸಲ್ಲ. ಜೋರಿಂದು ಹಾಕಿದ್ರೆ ನೀನು ಕೇಳ್ಸಲ್ಲ."

"ನಂದೇನ್ ಬಿಡು. ನಾಯಿ ಕಚ್ಚಿದ ಕತೆ ಎಷ್ಟ್ ಸಲ ಕೇಳ್ತೀಯ?"

"ನೀನು ಹೇಳೋಷ್ಟು ಸಲ," ಎಂದು ಬರ್ನಿಸ್ ರೇಗಿದಳು. "ಮನೇಲಿ ನೀನು ಗೋಡೆ ಕಣೋ. ಅಲ್ಲಿ ಕೂತಾಗಷ್ಟೇ ನಂಗೊಬ್ಬ ಗಂಡ ಇದ್ದಾನೆ ಅನ್ಸೋದು."

ಅವನ ಕಿವಿ ಕೆಂಪಾಯಿತು. ಪಿಯೆರೋಗಿ ಹೊತ್ತಿಹೋಗಿತ್ತು, ಇಬ್ಬರೂ ಅದನ್ನೇ ತಿಂದರು.

ವಾರವೆಲ್ಲ ಅವಳು ಕಾರನ್ನು ಹೊರಗೆ ತೆಗೆಯಲಿಲ್ಲ. ದಿನವೂ ಗ್ಯಾರೇಜಿಗೆ ಹೋಗಿ ಚುಕ್ಕಾಣಿ ಹಿಡಿದು ಕೂತು ಬರುತ್ತಿದ್ದಳು. ಶುಕ್ರವಾರ ತಿಂಡಿಯಾದ ಮೇಲೆ ಕೀಲಿಗೊಂಚಲನ್ನು ಕ್ಯಾಸ್‌ನ ತಟ್ಟೆಯ ಪಕ್ಕ ಇಟ್ಟಳು. ಅವನು ಅದನ್ನು ತನ್ನದಲ್ಲದ ಕಾಗದ ಬಂದಂತೆ ನೋಡಿದ.

"ನಾನಾ? ರಸ್ತೆ ಅಂಚಿನ ಪೆಟ್ಟಿಗೆಗೆ ಕೈ ಎಟುಕ್ಲಿ ಅಂತ ಇಪ್ಪತ್ತು ವರ್ಷ ಅಂಚೆ ಗಾಡೀನ ಬಲಗಡೆ ಕೂತು ಓಡಿಸಿದೋನು ಕಣೇ ನಾನು. ಎಡಗಡೆ ಕೂತ್ರೆ ದಾರೀನೇ ತಪ್ಪುತ್ತೆ."

"ತಪ್ಪಲಿ. ನೀನು ಓಡಿಸು, ನಾನು ನಿನ್ನ ಮುಖ ನೋಡ್ತೀನಿ. ಪ್ರೆಸ್ ಸಾಲಲ್ಲಿ ಪಕ್ಕದೋಳ ತುಟೀನ ಪಕ್ಕದಿಂದ್ಲೇ ಓದ್ತಿದ್ವು. ನಿನ್ನ ಮೂಗೊಂದು ಅಡ್ಡ ಬರ್ದಿದ್ರೆ ಸಾಕು."

ಬೀದಿಗಿಳಿಯುವ ಮೊದಲೇ ಎಂಜಿನ್ನು ಎರಡು ಸಲ ನಿಂತಿತು. ಬರ್ನಿಸ್ ತುಟಿ ಕಚ್ಚಿಕೊಂಡು ಕೂತಳು. ಕ್ಯಾಸ್ ಅಂಚೆಪೆಟ್ಟಿಗೆ ಕಂಡಲ್ಲೆಲ್ಲ ತನಗರಿವಿಲ್ಲದೆ ಗಾಡಿಯನ್ನು ಅಂಚಿಗೆ ತರುತ್ತಿದ್ದ. ಅವಳು ಅವನ ತೋಳು ತಟ್ಟಿ ನಡುರಸ್ತೆಗೆ ತರುತ್ತಿದ್ದಳು. ಸೇತುವೆ ದಾಟಿ ಮೂರನೆಯ ಗೇರಿಗೆ ಬಿದ್ದಾಗ ಪ್ಲಿಮತ್ ಬಾಯಿ ಬಿಟ್ಟಿತು, ಸದ್ದು ಸೀಟಿನಿಂದ ಅವಳ ಎದೆಗೇರಿತು. ಅವನ ತುಟಿ ಅಲುಗಿತು.

"ಮಿಸೆಸ್ ಗ್ರಾಬೆಕ್," ಎನ್ನುತ್ತಿತ್ತು ಆ ತುಟಿ, "ಅವಳ ಮಗ ಸೈನ್ಯದಿಂದ ಕಾಗದ ಬರೀತಿದ್ದ. ಬಾರದ ದಿನ ನಾನು ಅವಳ ಬಾಗಿಲ ಮುಂದೆ ನಿಧಾನಕ್ಕೆ ಹೋಗ್ತಿದ್ದೆ. ಓಡಿದ್ರೆ ಕಾಗದ ಇಲ್ಲ ಅಂತ ಅವಳಿಗೆ ದೂರದಿಂದ್ಲೇ ಗೊತ್ತಾಗ್ತಿತ್ತು."

"ಇದನ್ನ ನಂಗೆ ಹೇಳೇ ಇರ್ಲಿಲ್ಲ," ಎಂದಳು ಬರ್ನಿಸ್.

"ಹೇಳಿದ್ದೆ. ಹೋದ ವರ್ಷ."

ಮರುದಿನ ಡ್ವೇನ್‌ನ ಶೆಡ್ಡಿನೊಳಗೆ ಕಾರು ಸ್ವಲ್ಪ ಸೊಟ್ಟಗೆ ಬಂದು ನಿಂತಿತು. ಚುಕ್ಕಾಣಿಯ ಬದಿಯಿಂದ ಕ್ಯಾಸ್ ಇಳಿದದ್ದನ್ನು ಕಂಡು ಡ್ವೇನ್ ಮುಖದ ಗುರಾಣಿಯನ್ನು ಮೇಲೆತ್ತಿದ.

"ಗಾಡಿ ಮಾರಿಬಿಟ್ರಾ, ಮಿಸ್ ಬರ್ನಿ?"

"ಡ್ರೈವರ್ ಇಟ್ಕೊಂಡಿದೀನಿ. ಕೆಲಸ ಸುಮಾರು, ಬಾಯಿ ಜಾಸ್ತಿ."

"ಸೈಲೆನ್ಸರು?"

"ಬೆಸುಗೆ ಹಾಕು."

ಡ್ವೇನ್ ಕ್ಯಾಸ್‌ನತ್ತ ನೋಡಿದ. ಕ್ಯಾಸ್ ಭುಜ ಕುಣಿಸಿದ. ಗುರಾಣಿ ಕೆಳಗಿಳಿಯಿತು, ಕಾರಿನಡಿಯಲ್ಲಿ ನೀಲಿ ಬೆಳಕು ಎದ್ದಿತು.

ಮನೆಗೆ ಮರಳುವಾಗ ಬರ್ನಿಸ್‌ಳ ಎಡಗಾಲು ಇಲ್ಲದ ಕ್ಲಚ್ಚನ್ನು ಮತ್ತೆ ಮತ್ತೆ ತುಳಿಯುತ್ತಿತ್ತು, ಬಲಗೈ ಮಡಿಲಲ್ಲಿ ಕೆಲಸವಿಲ್ಲದೆ ಬಿದ್ದಿತ್ತು. ಅವಳಿಗೆ ಹಿಂಸೆಯಾಗುತ್ತಿತ್ತು, ಯಾರಾದರೂ ಕೇಳಿದ್ದರೆ ಅವಳು ಇಲ್ಲವೆನ್ನುತ್ತಿರಲಿಲ್ಲ. ಕ್ಯಾಸ್ ಒಂದು ಬಾಗಿಲಿನತ್ತ ಗಲ್ಲ ಎತ್ತಿದ. ಅವಳು ಕಿಟಕಿಗೆ ಬೆನ್ನು ಮಾಡಿ, ಪೂರಾ ಅವನತ್ತ ತಿರುಗಿ ಕೂತಳು.