ಹಗೇವಿನ ಮೇಲೆ ಕೂಡಿಸಿದ ತಿಜೋರಿ

ಬೈಲಹೊಂಗಲದ ನಮ್ಮ ಮನೆಗೆ ತಿಜೋರಿ ಬಂದದ್ದು ಕಳವಾದ ಮೇಲೆ. ಪ್ಲೇಗಿಗೆ ಹೆದರಿ ಊರಿಗೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದ ವರ್ಷ, ಕಳ್ಳರು ಹಿತ್ತಲ ಗೋಡೆಗೆ ಕನ್ನ ಕೊರೆದು ಅತ್ತೆಯವರ ಪಾಟಲಿ, ಸರ, ದೇವರ ಬೆಳ್ಳಿ ಸಾಮಾನು ಎಲ್ಲ ಒಯ್ದಿದ್ದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ನಮ್ಮ ಮಾವನವರನ್ನು ನೋಡಿಯೇ ಹುಟ್ಟಿರಬೇಕು. ಮನೆಯಲ್ಲಿ ಉಳಿದದ್ದು ನನ್ನ ಮೈಮೇಲಿನ ಬಂಗಾರ ಮಾತ್ರ. ನನಗಾಗ ಹದಿನಾರು ವರ್ಷ, ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಆ ಬಂಗಾರ ಕಾಯಲಿಕ್ಕೆಂದು ಧಾರವಾಡದಿಂದ ದೊಡವಾಡದ ಹಾದಿ ಹಿಡಿದು ಚಕ್ಕಡಿಯಲ್ಲಿ ಆ ಕಬ್ಬಿಣದ ರಾಕ್ಷಸ ಬಂತು. ಇಳಿಸಲಿಕ್ಕೆ ಎಂಟು ಜನ ಬೇಕಾದರು.

ಮಾವನವರು ಪುರಾಣ ಹೇಳುವವರು, ಪಂಚಾಂಗ ನೋಡುವವರು. ತಿಜೋರಿಯ ಬಾಗಿಲು ಕುಬೇರನ ದಿಕ್ಕಾದ ಉತ್ತರಕ್ಕೇ ತೆರೆಯಬೇಕು ಎಂದರು. ಹಾಗಾದರೆ ಅದು ಪಡಸಾಲೆಯ ದಕ್ಷಿಣದ ಗೋಡೆಗೆ ಒರಗಿ ನಿಲ್ಲಬೇಕು. ಸಂಗೊಳ್ಳಿಯಿಂದ ಕರೆಸಿದ, ಕಲ್ಲು ಕಟ್ಟುವ ಗೌಂಡಿ ಅಲ್ಲಿ ಹಾರೆಯಿಂದ ನೆಲ ಕುಟ್ಟಿದ. ಸಪ್ಪಳ ಬೇರೆಯೇ ಬಂತು.

"ಇಲ್ಲಿ ತೆಳಗ ಹಗೇವು ಐತ್ರೀ. ಟೊಳ್ಳು ನೆಲಾ, ಇಷ್ಟ ವಜ್ಜಿ ತಡಿಯಂಗಿಲ್ಲ. ಆ ಕಡಿ ಗ್ವಾಡಿಗೆ ಇಡೂನು."

ಹಗೇವು ಎಂದರೆ ಜೋಳ ತುಂಬಿಡುವ ಕುಣಿ. ಎರಡಾಳು ಆಳ, ಮೇಲೆ ಒಬ್ಬ ಮನುಷ್ಯ ನುಸುಳುವಷ್ಟೇ ಬಾಯಿ, ಅದಕ್ಕೊಂದು ಕಲ್ಲಿನ ಮುಚ್ಚಳ. ನಮ್ಮದನ್ನು ಎಷ್ಟೋ ವರ್ಷ ಯಾರೂ ತೆಗೆದಿರಲಿಲ್ಲ.

"ದಿಕ್ಕು ಬದಲಾಗೂದಿಲ್ಲಪಾ. ಏನು ಮಾಡಬೇಕೋ ಅದನ್ನ ಮಾಡು," ಎಂದರು ಮಾವನವರು.

ಗೌಂಡಿ ವಾದಿಸುವವನಲ್ಲ. ನಲವತ್ತರ ಆಸುಪಾಸಿನ ಮನುಷ್ಯ, ಕಲ್ಲಿನ ಸಂಗಡ ಮಾತಾಡಿದಷ್ಟು ಜನರ ಸಂಗಡ ಆಡುತ್ತಿರಲಿಲ್ಲ. ಹಗೇವಿಗೆ ಮಣ್ಣು ತುಂಬಿದರೆ ಅದು ಕೂಡಲಿಕ್ಕೆ ಒಂದು ಮಳೆಗಾಲ ಬೇಕು, ಇಲ್ಲವಾದರೆ ಒಳಗಿಳಿದು ತಳದಿಂದ ಕಲ್ಲಿನ ಕಂಬ ಎಬ್ಬಿಸಬೇಕು ಎಂದ. ಕಂಬದ ಮೇಲೆ ಅಖಂಡ ಚಪ್ಪಡಿ. ಚಪ್ಪಡಿಗೆ ನಾಲ್ಕು ತೂತು ಕೊರೆದು, ತಿಜೋರಿಯ ಕಾಲಿನ ಸಲಾಕೆ ಇಳಿಸಿ, ಕಾಸಿದ ಸೀಸ ಹೊಯ್ಯುವುದು. ಹಿಂದೆ, ಎರಡೂ ಬದಿಗೆ ಗಚ್ಚಿನಲ್ಲಿ ಕಲ್ಲು ಕಟ್ಟುವುದು. "ಆಮ್ಯಾಲ ಕಳ್ಳ ಕನ್ನಾ ಕೊರದ್ರ ಅವನ ಹಾರಿ ಮುರೀಬೇಕು, ಅಷ್ಟಽ," ಎಂದು ನಕ್ಕ. ಆದರೆ ಹಗೇವಿನ ಬಾಯಿ ತೆಗೆದು ಎರಡು ದಿನ ಬಿಡಬೇಕು, ಒಳಗೆ ಕೆಟ್ಟ ಗಾಳಿ ಇರುತ್ತದೆ ಎಂದ. ಮಾವನವರು ಒಂದು ರಾತ್ರಿ ಕೊಟ್ಟರು. ಕಂಬದ ಮೊದಲ ಕಲ್ಲು ಇಡುವ ಮುಹೂರ್ತ ಮರುದಿನ ಮಧ್ಯಾಹ್ನದೊಳಗಿತ್ತು. ಸಂಜೆ ಮುಚ್ಚಳ ಸರಿಸಿಟ್ಟು ಗೌಂಡಿ ತನ್ನೂರಿಗೆ ನಡೆದ.

ಇಲ್ಲಿ ನಮ್ಮ ಮನೆಯ ಮಾತಿನ ರೀತಿ ಹೇಳಬೇಕು. ನಮ್ಮಲ್ಲಿ ಅಕ್ಕಿ ಮುಗಿಯುತ್ತಿರಲಿಲ್ಲ, ಹೆಚ್ಚುತ್ತಿತ್ತು. ದೀಪ ಆರುತ್ತಿರಲಿಲ್ಲ, ಶಾಂತವಾಗುತ್ತಿತ್ತು. ಬಂದ ಹೊಸತರಲ್ಲಿ ನಾನೊಮ್ಮೆ "ದೀಪ ಆರ್ತು" ಎಂದದ್ದಕ್ಕೆ ಅತ್ತೆಯವರು ಮೂರು ದಿನ ಮಾತು ಬಿಟ್ಟಿದ್ದರು. ಮುಹೂರ್ತದ ಮುಂಜಾನೆಯಂತೂ, "ಇವತ್ತರೆ ಬಾಯಾಗ ಒಳ್ಳೇ ಮಾತು ಬರಲಿ, ನೋಡು," ಎಂದು ಎದ್ದ ಕೂಡಲೇ ಎಚ್ಚರಿಸಿದ್ದರು.

ಕೆಟ್ಟ ಗಾಳಿ ಹೋಗಿದೆಯೋ ಎಂದು ನೋಡಲಿಕ್ಕೆ ಹಗೇವಿಗೆ ಬಿಡುವ ದೀಪವನ್ನು ದೇವರ ದೀಪದಿಂದ ಹಚ್ಚಬೇಕು, ಮುತ್ತೈದೆಯೇ ಇಳಿಸಬೇಕು ಎಂದು ಮಾವನವರ ಅಪ್ಪಣೆ. ಹಾಗಾಗಿ ಆ ಕೆಲಸ ನನಗೆ ಬಂತು. ಮಡಿಯ ದೀಪವೆಂದು ಗೌಂಡಿ ಮತ್ತು ಅವನ ಕಲ್ಲು ಹೊರುವ ಆಳು ದೂರ ನಿಂತರು.

"ದೀಪಾ ಕುಣದ್ರ, ಇಲ್ಲಾ ಆರಿದ್ರ ಹೇಳ್ರಿ ಅವ್ವಾರ, ನಾ ಇಳಿಯಂಗಿಲ್ಲ. ಅಳಗಾಡದಽ ಉರದ್ರ ಇಳೀತೇನಿ."

ಹಣತೆಯನ್ನು ಬುಟ್ಟಿಯಲ್ಲಿಟ್ಟು ಹಗ್ಗ ಬಿಟ್ಟೆ. ಕುಣಿಯ ನಡು ದಾಟುತ್ತಲೇ ಕುಡಿ ಕುಗ್ಗಿತು, ನೀಲಿಯಾಯಿತು, ಹೋಯಿತು. ಕೆಳಗೆ ಬರೀ ಕತ್ತಲೆ.

"ಹೆಂಗೈತ್ರೀ ದೀಪಾ?"

ಪಕ್ಕದಲ್ಲಿ ಅತ್ತೆಯವರು ನಿಂತಿದ್ದರು. "ಶಾಂತ ಆಗ್ಯದ," ಎಂದೆ.

ಹೇಳಬೇಕಾದದ್ದನ್ನು ಹೇಳಿದೆ, ಇನ್ನು ಅವನು ಇಳಿಯುವುದಿಲ್ಲ ಎಂದುಕೊಂಡೆ. ಹಣತೆ ಎಳೆದುಕೊಂಡು, ಸೆರಗಿನಡಿ ಹಿಡಿದು ದೇವರ ಕೋಣೆಗೆ ಹೋದೆ. ಅತ್ತೆಯವರೂ ಹಿಂದೆಯೇ ಬಂದರು. ಪಡಸಾಲೆಯಲ್ಲಿ ಧೊಪ್ಪೆಂದದ್ದು ಕೇಳಿಸಿದಾಗ ಕಲ್ಲು ಬಿದ್ದಿರಬೇಕು ಎಂದುಕೊಂಡೆ. ಆಮೇಲೆ ಆಳಿನ ಕೂಗು ಕೇಳಿತು.

ಓಣಿಯವರು ಓಡಿಬಂದರು. ಇನ್ನೊಬ್ಬರು ಇಳಿಯುವ ಹಾಗಿರಲಿಲ್ಲ. ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿ ತಂದು, ಅದರ ಕೊಕ್ಕೆಗೆ ಅವನ ಧೋತರ ಸಿಕ್ಕಿಸಿ ಎಳೆದರು. ಎರಡು ಸಲ ಜಾರಿ ಬಿದ್ದ. ಮೂರನೆಯ ಸಲಕ್ಕೆ ಮೇಲೆ ಬಂದ. ಮೈ ಬೆಚ್ಚಗಿತ್ತು, ಉಸಿರಿರಲಿಲ್ಲ.

ಆಳು ನನ್ನ ಕಡೆ ಕೈ ಮಾಡಿದ. "ದೀಪಾ ಶಾಂತ ಐತಿ ಅಂತ ಈ ಅವ್ವಾರಽ ಅಂದ್ರು! ಅದನ್ನ ಕೇಳೇ ಇಳದಾನ!"

ಅವನು ನನ್ನ ಮಾತನ್ನು ಹೇಗೆ ಕೇಳಿಸಿಕೊಂಡನೆಂಬುದು ನನಗೆ ಹೊಳೆದದ್ದು ಆಗಲೇ. ಶಾಂತ ಎಂದರೆ ಅಳುಕದೆ ಉರಿಯುತ್ತಿದೆ. ಅವನು ಕೇಳಿದ್ದೇ ಅದನ್ನು.

ಊರ ಗೌಡರು ಬಂದಾಗ ಮಾವನವರು, "ದೀಪ ಶಾಂತ ಆಗ್ಯದ ಅಂತ ನಮ್ಮ ಸೊಸಿ ಸ್ಪಷ್ಟ ಹೇಳ್ಯಾಳ. ಕೇಳದಽ ಇಳದಾನ," ಎಂದರು. ಗೌಡರಿಗೆ ನಮ್ಮ ಮನೆಯ ಮಾತು ಗೊತ್ತು. ದೀಪ ಆರಿದೆಯೆಂದು ತಿಳಿಸಿದರೂ ಇಳಿದ ಎಂದು ಬರೆದುಕೊಂಡರು. ಅದರಲ್ಲಿ ಸುಳ್ಳಿರಲಿಲ್ಲ, ನನಗೆ ಉಸಿರು ಬಂದಂತಾಯಿತು. ಹಾಗೆ ಉಸಿರು ಬಂದದ್ದಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಅಸಹ್ಯವಿದೆ.

ಎರಡು ದಿನ ಕಾಯಲಾರದ ಮಾವನವರು ಹಗೇವಿಗೆ ಮಣ್ಣು ತುಂಬಿಸಿ ಇಡೀ ಮಳೆಗಾಲ ಕಾದರು. ಬೇರೆ ಗೌಂಡಿ ಬಂದು ಚಪ್ಪಡಿ ಹಾಸಿ, ಸೀಸ ಹೊಯ್ದು ತಿಜೋರಿ ಕೂಡಿಸಿದ. ಬಾಗಿಲು ಉತ್ತರಕ್ಕೇ ಇತ್ತು. ನನ್ನ ಬಂಗಾರದ ಒಂದು ಗುಂಜಿಯೂ ಕಳೆಯಲಿಲ್ಲ.

ಆದರೆ ಅದಕ್ಕೂ ಮೊದಲು, ಮಳೆ ಹಿಡಿಯುವ ಮುಂಚೆ, ಸತ್ತವನ ಹೆಂಡತಿ ಹಾರೆ ಕರಣೆ ಒಯ್ಯಲಿಕ್ಕೆ ಬಂದಳು. ಕಂಕುಳಲ್ಲಿ ಗಂಡುಕೂಸು. ಅದರ ಹುಟ್ಟುಗೂದಲು ತೆಗೆಯುವ ಜವಳ ಇನ್ನೂ ಆಗಿರಲಿಲ್ಲ. ಅಂಗಳದಲ್ಲೇ ನಿಂತು ನನ್ನನ್ನು ಕೇಳಿದಳು:

"ಆಳು ಒಂದ ಹೇಳ್ತಾನ್ರಿ, ಗೌಡ್ರು ಒಂದ ಬರಕೊಂಡಾರ. ದೀಪಾ ಆರಿದ ಮ್ಯಾಲ ಇಳಿಯೋ ಮನಶಾ ಅಲ್ರೀ ಅವ್ರು. ನೀವಽ ಖರೇ ಹೇಳ್ರಿ ಅವ್ವಾರ. ಏನಂದ್ರಿ ನೀವು?"

ಬಾಗಿಲಲ್ಲಿ ಅತ್ತೆಯವರಿದ್ದರು. ಆದರೆ ಅವರಿಗೆ ಹೆದರಿ ಹೇಳಿದೆ ಎಂದರೆ ಅದೂ ಸುಳ್ಳಾದೀತು. ನನ್ನ ಭಯ ನನಗೇ ಇತ್ತು.

"ದೀಪ ಆರ್ತು ಅಂದೆ," ಎಂದೆ.

ಅವಳು ಕೂಸನ್ನು ಅವಚಿಕೊಂಡು ಅಲ್ಲೇ ಕುಳಿತಳು.

"ಹಂಗಾರ ನಂದಽ ತಪ್ಪರೀ. ಅವತ್ತ ಹೊಂಡೂ ಮುಂದ ನಾನಽ ಅಂದಿದ್ದೆ, ನಾಳೆ ಕೂಸಿನ ಜವಳಾ ಐತಿ, ಕೆಲಸ ಮುಗಿಸಿ ಲಗೂನ ಬರ್ರಿ ಅಂತ. ಅದಕ್ಕಽ ದೀಪಾ ಆರಿದ್ರೂ ಇಳದಾರ."

ಅಲ್ಲ ಎಂಬ ಒಂದು ಮಾತು ಸಾಕಿತ್ತು. ನನ್ನ ಬಾಯಿ ತೆರೆಯಲಿಲ್ಲ. ಅತ್ತೆಯವರು ಅವಳ ಉಡಿಗೆ ಎರಡು ಸೇರು ಜೋಳ ಹಾಕಿದರು. ಅವಳು ಕೈಮುಗಿದು ಹೋದಳು.

ಎಷ್ಟೋ ವರ್ಷದ ಮೇಲೆ ಸಂಗೊಳ್ಳಿಯಿಂದ ಬಂದವರೊಬ್ಬರು ಅವಳ ಸುದ್ದಿ ಹೇಳಿದರು. ಮಗ ಬೆಳೆದು ದುಡಿಯುವವನಾದರೂ, ಅವನು ಹೊರಗೆ ಹೊರಟಾಗ ಬೇಗ ಬಾ ಎಂದು ಅವಳು ಒಂದು ದಿನವೂ ಹೇಳಲಿಲ್ಲವಂತೆ.