ಬುಗುರಿ ಅಕ್ಕನ ಹಿಡಿ

ಬೀದಿಯವರು ಅವಳನ್ನು ಬುಗುರಿ ಅಕ್ಕ ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ. ನಿಂತಲ್ಲಿ ನಿಲ್ಲದ, ಕೂತಲ್ಲಿ ಕೂರದ ಹೆಂಗಸು. ಬೆಳಗಾದರೆ ಚೀಲ ಹಿಡಿದು ಮಾರುಕಟ್ಟೆಗೆ ಓಡಬೇಕು. ಅಂದು ಬಂದ ಸೊಪ್ಪನ್ನೋ ಕಾಯಿಯನ್ನೋ ಮೂಸಿ, ಮುರಿದು ನೋಡಿ, ಒಬ್ಬ ವ್ಯಾಪಾರಿಯ ಜೊತೆಗಾದರೂ ಜಗಳವಾಡಿ ತರಬೇಕು. ಕಾಲವಲ್ಲದ ಕಾಲದಲ್ಲಿ ಬಂದ ತರಕಾರಿ ಕಂಡರೆ, “ಇದು ಎಲ್ಲಿ ಮಲಗಿದ್ದು ಈಗ ಎದ್ದು ಬಂತೋ” ಎಂದು ಮೂಗು ಮುರಿದು ಮುಂದೆ ಹೋಗುವಳು. ಕುಂಬಳದ ಕಾಲದಲ್ಲಿ ಮನೆಯಲ್ಲಿ ಕುಂಬಳವೇ, ಮೂಲಂಗಿಯ ಕಾಲದಲ್ಲಿ ಮೂಲಂಗಿಯೇ. ಯಾರು ಎಷ್ಟು ಗೊಣಗಿದರೂ ಕ್ಯಾರೇ ಅನ್ನುತ್ತಿರಲಿಲ್ಲ.

ಗೊಣಗುವುದರಲ್ಲಿ ಆ ಮನೆಯವರು ಪಳಗಿದವರು. ಗಂಡ ಬಡಗಿ. ಮೊದಲ ತುತ್ತಿಗೇ, “ಏನೇ, ಉಪ್ಪು ಇವತ್ತು ನಿನ್ನ ಜೊತೆ ಮಾತು ಬಿಟ್ಟಿದೆಯಾ?” ಎನ್ನುವನು. ಅಚ್ಚುಕೂಟದಲ್ಲಿ ಕೆಲಸ ಮಾಡುವ ಮಗಳು ಅಪ್ಪನ ಮಾತಿಗೆ ಇನ್ನಷ್ಟು ಒಗ್ಗರಣೆ ಹಾಕುವಳು. ಅಕ್ಕ ಸೌಟು ಎತ್ತಿಕೊಂಡೇ ಇಬ್ಬರಿಗೂ ಉತ್ತರ ಕೊಡುವಳು. ಕೊನೆಗೆ ತಟ್ಟೆ ಮಾತ್ರ ಎಲ್ಲರದೂ ಖಾಲಿ. ‘ಚೆನ್ನಾಗಿದೆ’ ಎಂಬ ಮಾತನ್ನು ಅವರು ನೆಂಟರಿಗೆ ಬಿಟ್ಟುಕೊಟ್ಟಿದ್ದರು.

ಒಂದು ದಿನ ತೊಳೆದ ಮೆಟ್ಟಿಲ ಮೇಲೆ ಜಾರಿ ಬಿದ್ದು ಅವಳ ಬಲ ಮಣಿಕಟ್ಟು ಮುರಿಯಿತು. ಕೈಗೆ ಬಿಳಿ ಪಟ್ಟಿ ಬಿತ್ತು, ಸೌಟು ಬಡಗಿಯ ಕೈಗೆ ಹೋಯಿತು. ಅವಳು ಅಡುಗೆಮನೆಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಹುಕುಂ ಕೊಡತೊಡಗಿದಳು.

“ಎರಡು ಹಿಡಿ ಬೇಳೆ ಹಾಕಿ.”

“ಹಿಡಿ ಅಂದ್ರೆ ಎಷ್ಟು?”

“ಹಿಡಿ ಅಂದ್ರೆ ಹಿಡಿ ರೀ. ಅದಕ್ಕೂ ಟೇಪು ಬೇಕಾ?”

ಆತ ಗರಗಸ ಹಿಡಿದು ಹಿಡಿದು ಅಗಲವಾಗಿದ್ದ ತನ್ನ ಕೈಯಲ್ಲಿ ಧಾರಾಳವಾಗಿ ಅಳೆದ. ಬೆಂದ ಬೇಳೆಯಲ್ಲಿ ಸೌಟು ನೆಟ್ಟಗೆ ನಿಂತಿತು. ಅಪ್ಪ ಮಗಳು ಬಿದ್ದು ಬಿದ್ದು ನಕ್ಕರು, ಅವಳೂ ನಕ್ಕಳು. ಆದರೆ ಒಳಗೊಳಗೇ ಚಡಪಡಿಕೆ. ಹೊರಗೆ ಹಸಿ ಬಟಾಣಿಯ ಗಾಡಿ ಕೂಗುತ್ತಿತ್ತು. ಎಳೆ ಬಟಾಣಿ ಬರುವುದೇ ಎರಡು ತಿಂಗಳು. ಅಷ್ಟು ದಿನವೂ ತಾನು ಸ್ಟೂಲಿನ ಮೇಲೆ ಗೊಂಬೆಯ ಹಾಗೆ ಕೂತಿರಬೇಕೇ ಎಂದು ಅವಳಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಪಟ್ಟಿ ಬಿಚ್ಚಿದ ದಿನ ಗಂಡ ಆಸ್ಪತ್ರೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದ. ಒಳಗೆ ಡಾಕ್ಟರು, “ಮುಷ್ಟಿ ಕಟ್ಟಿ ನೋಡೋಣ” ಎಂದರು. ಬೆರಳುಗಳು ಅರ್ಧಕ್ಕೆ ಬಂದು ನಿಂತವು. ಅಂಗೈಗೂ ಅವಕ್ಕೂ ನಡುವೆ ಒಂದು ಸಂದು ಉಳಿಯಿತು.

“ದಿನಾ ಮುಚ್ಚಿ ತೆರೆದು ಮಾಡ್ತಾ ಇರಿ. ಪೂರ್ತಿ ಬರುತ್ತೋ ಇಲ್ವೋ ಈಗಲೇ ಹೇಳೋಕಾಗಲ್ಲಮ್ಮ.”

ಅವಳು ಆ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಹೊರಗೆ ಬಂದು ಮಾತ್ರ, “ಎಲ್ಲಾ ಸರಿಹೋಯ್ತಂತೆ ರೀ” ಎಂದಳು. ನಿಜ ಹೇಳಿದರೆ ಒಲೆ ಮತ್ತೆ ತನ್ನ ಕೈಗೆ ಬರುವುದಿಲ್ಲ, ತಾನು ಆ ಸ್ಟೂಲಿನವಳಾಗಿಯೇ ಉಳಿದುಬಿಡುತ್ತೇನೆ ಎಂಬ ಭಯ. ಚಮಚದಲ್ಲಿ ಅಳೆದರೆ ಆಗದೇ? ಆಗುತ್ತಿತ್ತು. ಆದರೆ ಚಮಚ ಹಿಡಿದ ಕೂಡಲೇ ಕೈ ಕೆಟ್ಟಿದೆ ಎಂದು ಒಪ್ಪಿಕೊಂಡ ಹಾಗಲ್ಲವೇ! ಒಲೆಯ ಮುಂದೆ ರುಚಿ ನೋಡುವ ಅಭ್ಯಾಸವಂತೂ ಅವಳಿಗೆ ಎಂದೂ ಇರಲಿಲ್ಲ. ಕೈ ಹೇಳಿದ ಮೇಲೆ ನಾಲಿಗೆಯನ್ನೇನು ಕೇಳುವುದು?

ಈಗ ಕೈ ಸುಳ್ಳು ಹೇಳತೊಡಗಿತ್ತು. ಮುಚ್ಚದ ಬೆರಳುಗಳ ಸಂದಿನಿಂದ ಉಪ್ಪು ಸೋರಿಹೋಗುತ್ತಿತ್ತು. ಮೊದಲ ದಿನದ ಸೊಪ್ಪನ್ನು ಗಂಡ ಒಂದು ತುತ್ತು ತಿಂದು, ತಲೆ ಬಗ್ಗಿಸಿಕೊಂಡೇ, “ಚೆನ್ನಾಗಿದೆ” ಎಂದ. ಆಮೇಲೆ ಅವಳು ತಿಂದು ನೋಡಿದಳು. ಸಪ್ಪೆ ಎಂದರೆ ಸಪ್ಪೆ. ಮರುದಿನ ಅಂದಾಜಿಗೆ ಜಾಸ್ತಿ ಸುರಿದಳು. ಕುಂಬಳಕಾಯಿ ಉಪ್ಪುಪ್ಪಾಯಿತು. ಅದಕ್ಕೂ ಮಗಳು ನೀರು ಕುಡಿದು ಕುಡಿದು, “ಚೆನ್ನಾಗಿದೆ ಅಮ್ಮ” ಎಂದಳು.

ಆ ಮಾತು ಅವಳಿಗೆ ಮುಳ್ಳಿನಂತೆ ಚುಚ್ಚುತ್ತಿತ್ತು. ಬಚ್ಚಲಲ್ಲಿ ಕದ ಹಾಕಿಕೊಂಡು ಒದ್ದೆ ಬಟ್ಟೆ ಹಿಂಡುವಳು, ಯಾರೂ ಇಲ್ಲದಾಗ ಹಿಟ್ಟಿನ ಮುದ್ದೆ ಅದುಮುವಳು. ಬೆರಳು ಜಪ್ಪಯ್ಯ ಎಂದರೂ ಬಗ್ಗದು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುವಳು. ಮಾರುಕಟ್ಟೆಯಿಂದ ಬಂದವಳು ಏನೋ ಮರೆತೆ ಎಂದು ಮತ್ತೆ ಹೊರಡುವಳು. ಅಲ್ಲಿ ನಿಂತರೆ ಏನು ಮರೆತಿದ್ದೆ ಎಂಬುದೇ ನೆನಪಾಗದು.

ಬಟಾಣಿಯ ಕಾಲ ಮುಗಿಯುತ್ತ ಬಂದಿತ್ತು. ಕೊನೆಯ ಗಾಡಿಯಿಂದ ಒಂದು ಚೀಲ ತಂದು, ಎಡಗೈಯಲ್ಲೇ ಸುಲಿದು, ಈರುಳ್ಳಿ ಹಾಕಿ ಬೇಯಿಸಿದಳು. ಉಪ್ಪಿನ ಡಬ್ಬದ ಮುಚ್ಚಳ ತೆಗೆದವಳು ಒಂದು ಗಳಿಗೆ ನಿಂತು, ಹಾಗೆಯೇ ಮುಚ್ಚಿಟ್ಟಳು. ಒಂದು ಹರಳೂ ಹಾಕದೆ ಬಡಿಸಿದಳು.

ಗಂಡ ಅಗಿದ, ನುಂಗಿದ. “ಚೆನ್ನಾಗಿದೆ.”

“ಹೂಂ ಅಮ್ಮ, ತುಂಬಾ ಚೆನ್ನಾಗಿದೆ.”

“ಉಪ್ಪೇ ಹಾಕಿಲ್ಲ!” ಅವಳು ಕೂಗಿದ ರಭಸಕ್ಕೆ ಮಗಳ ಕೈಯ ರೊಟ್ಟಿ ಬಿತ್ತು. “ಒಂದು ಹರಳೂ ಹಾಕಿಲ್ಲ. ಏನ್ರೀ ಚೆನ್ನಾಗಿದೆ? ನೀವೇನು ಊಟಕ್ಕೆ ಕರೆದ ನೆಂಟರಾ? ನಾನೇನು ಸಾಯೋ ಮುದುಕಿನಾ? ಬೈಯೋಕೂ ಲಾಯಕ್ಕಿಲ್ಲದೋಳಾಗಿಬಿಟ್ನಾ?” ಬಲಗೈಯನ್ನು ಇಬ್ಬರ ಮುಂದೆ ಚಾಚಿದಳು. “ನೋಡಿ. ಮುಚ್ಚಲ್ಲ. ಇಷ್ಟೇ ಬರೋದು. ಸುಳ್ಳು ಹೇಳಿದ್ದೆ.”

ಗಂಡ ತಟ್ಟೆಯನ್ನೇ ನೋಡುತ್ತಿದ್ದ. “ಗೊತ್ತಿತ್ತು ಕಣೇ. ಲೋಟನ ಎರಡು ಕೈಲಿ ಹಿಡ್ಕೋತೀಯಲ್ಲ. ಏನಾದ್ರೂ ಅಂದ್ರೆ ಬೇಜಾರಾಗಿ ಒಲೆ ಹತ್ರಾನೇ ಹೋಗಲ್ಲವೇನೋ ಅಂತ ಹೆದರಿಕೆ ಆಯ್ತು.”

“ಹೆದರ್ಕೊಂಡು ಉಪ್ಪಿಲ್ದೇ ತಿಂದ್ರಾ?”

“ಮತ್ತೆ!” ಆತ ತಟ್ಟೆಯನ್ನು ಟಪ್ಪನೆ ತಳ್ಳಿದ. “ಇದನ್ನ ಮನುಷ್ಯರು ತಿಂತಾರೇನೇ? ಆವತ್ತಿನ ಕುಂಬಳಕಾಯಿಗೆ ಕೊಡಗಟ್ಟಲೆ ನೀರು ಕುಡಿದೆ. ಮೂಲಂಗಿ ಬೆಂದೇ ಇರ್ಲಿಲ್ಲ, ಹಲ್ಲು ಹೋಗೋದೊಂದು ಬಾಕಿ!”

“ಸೊಪ್ಪಲ್ಲಿ ಮಣ್ಣಿತ್ತಮ್ಮ,” ಎಂದಳು ಮಗಳು. ಅವಳ ಕಣ್ಣಲ್ಲಿ ನೀರಿತ್ತು. “ನಾನು ಕೆಲಸದ ಹತ್ರ ಬನ್ನು ತಿಂದೆ.”

ಆತನ ಬಾಯಿ ನಿಲ್ಲುವಂತಿರಲಿಲ್ಲ. ಬೇಳೆ, ಬದನೆ, ಸೀದ ಬೀಟ್‌ರೂಟು, ಒಂದೊಂದನ್ನೂ ಹೆಸರು ಹಿಡಿದು ಜಾಲಾಡಿದ. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು, ಮಗಳಿಗೆ ಉಪ್ಪು ತರಲು ಹೇಳಿ, ಅದನ್ನು ಅವನ ತಟ್ಟೆಯ ಪಕ್ಕಕ್ಕೆ ಇಟ್ಟಳು.

“ಸಾಕು ಸುಮ್ನಿರಿ,” ಎಂದಳು. “ಬೈಗುಳಾನೆಲ್ಲಾ ಇವತ್ತೇ ಖರ್ಚು ಮಾಡ್ಬೇಡಿ. ನಾಳೆ ಅಡುಗೆಗೂ ಸ್ವಲ್ಪ ಉಳಿಸ್ಕೊಳ್ಳಿ.”